ಹೊರಗೆ ಇಪ್ಪತ್ತಮೂರು ಜೊತೆ ಚಪ್ಪಲಿ

ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಇಪ್ಪತ್ತೊಂಬತ್ತು ವರ್ಷ ವಾರ್ಡನ್ ಆಗಿದ್ದವಳು ನಾನು. ಬೆಳಿಗ್ಗೆ ಐದೂವರೆಗೆ ಗಂಟೆ, ಆರಕ್ಕೆ ಪ್ರಾರ್ಥನೆ, ಏಳೂಕಾಲಿಗೆ ಗಂಜಿ, ರಾತ್ರಿ ಒಂಬತ್ತಕ್ಕೆ ಹಾಜರಿ. ನಿವೃತ್ತಳಾದ ಮೇಲೆ ಗಂಟೆ ಹೊಡೆಯುವವರು ಇಲ್ಲದಿದ್ದರೂ ನನ್ನ ದಿನ ಹಾಗೆಯೇ ನಡೆಯುತ್ತದೆ. ಬಹರೈನಿನಲ್ಲಿ ಮಗಳ ಮನೆಗೆ ಬಂದ ಮೂರನೆಯ ದಿನಕ್ಕೆ ಆ ಮನೆಯೂ ಹಾಗೆ ನಡೆಯತೊಡಗಿತು.

ಮಗಳ ಮನೆ ಇರುವುದು ಉಮ್ ಅಲ್ ಹಸ್ಸಮ್ ಎಂಬ ಬಡಾವಣೆಯಲ್ಲಿ, ಒಂದು ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿ. ಆ ಚಳಿಗಾಲ ಅಲ್ಲಿ ನಾವು ಇಬ್ಬರು ಹಿರಿಯರು: ನಾನು, ಮತ್ತು ಅಳಿಯನ ತಾಯಿ, ಅಂದರೆ ನನ್ನ ಬೀಗಿತಿ. ನಾನು ಉಡುಪಿಯವಳು, ಅವರು ಧಾರವಾಡದ ಕಡೆಯವರು. ಅವರ ಕಡೆ ಶಾಲೆಯ ಟೀಚರುಗಳನ್ನು ಅಕ್ಕೋರು ಎನ್ನುತ್ತಾರೆ. ನಾನು ಪಾಠ ಮಾಡಿದವಳಲ್ಲ, ಹಾಸ್ಟೆಲು ನೋಡಿಕೊಂಡವಳು ಎಂದು ಎಷ್ಟು ಹೇಳಿದರೂ ಅವರು ನನ್ನನ್ನು ಅಕ್ಕೋರೇ ಎಂದು ಕರೆದರು. 'ಗಂಟಿ ನೋಡಿ ಚಹಾ ಕುಡ್ಯಾವ್ರು ಅಕ್ಕೋರಲ್ದ ಮತ್ತ್ಯಾರ್ರೀ?' ಎನ್ನುವುದು ಅವರ ವಾದ.

ಬೀಗಿತಿಗೆ ಸಕ್ಕರೆ ಕಾಯಿಲೆ. ದಿನಕ್ಕೆ ಎರಡು ಸಲ, ಊಟಕ್ಕೆ ಮೊದಲು ಇನ್ಸುಲಿನ್ ಆಗಬೇಕು. ಇದು ತಿಳಿದ ಕೂಡಲೇ ಆ ಕೆಲಸವನ್ನು ನನ್ನ ಕೈಗೆ ತೆಗೆದುಕೊಂಡೆ. ಹಾಸ್ಟೆಲಿನಲ್ಲಿ ಅಂಥ ಇಬ್ಬರು ಹುಡುಗಿಯರನ್ನು ನಾನೇ ನೋಡಿಕೊಂಡಿದ್ದೆ. ಇನ್ಸುಲಿನ್ ಪೆನ್ನು, ರಕ್ತ ಪರೀಕ್ಷೆಯ ಪುಟ್ಟ ಯಂತ್ರ, ಸಕ್ಕರೆ ಇಳಿದರೆ ಬಾಯಿಗೆ ಹಾಕಲು ಗ್ಲೂಕೋಸ್ ಬಿಸ್ಕತ್ತು, ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ ಆ ಚೀಲವನ್ನು ನನ್ನ ಹೆಗಲಿಗೇ ಹಾಕಿಕೊಂಡೆ. ಒಂದು ಮನೆಯಲ್ಲಿ ಎರಡು ಕೈ ಸೂಜಿ ಹಿಡಿದರೆ ಒಂದಲ್ಲ ಒಂದು ದಿನ ಒಂದೇ ಊಟಕ್ಕೆ ಎರಡು ಸಲ ಚುಚ್ಚಿದಂತಾಗುತ್ತದೆ. ಅದು ನನ್ನ ಲೆಕ್ಕ. ಬೀಗಿತಿ ತೋಳು ಮುಂದೆ ಮಾಡಿದರು.

ಮರುಭೂಮಿಗೆ ಹೋಗುವ ವಿಷಯ ತೆಗೆದದ್ದು ನಮ್ಮ ಕಟ್ಟಡದ ಕೆಳಗಿನ ಅಂಗಡಿಯ ಬ್ಯಾರಿ. ಬಂಟ್ವಾಳದ ಕಡೆಯವರು, ಇಲ್ಲಿ ಬಂದು ಮೂವತ್ತು ವರ್ಷ ದಾಟಿದವರು, ಕನ್ನಡ ಮಾತನಾಡುವ ಕುಟುಂಬಗಳನ್ನು ಆಗಾಗ ಸೇರಿಸಿ ಎಲ್ಲಿಗಾದರೂ ಕರೆದೊಯ್ಯುವ ಉತ್ಸಾಹ ಅವರಿಗೆ.

'ಟೀಚರೇ, ಈ ಶುಕ್ರವಾರ ಸಫಾರಿ ಉಂಟು. ಜೀಪಿನಲ್ಲಿ ಸುತ್ತಾಟ, ಒಂಟೆ, ಡ್ಯಾನ್ಸು, ರಾತ್ರಿಯ ಊಟ. ನೀವಿಬ್ಬರೂ ಬನ್ನಿ. ಮನೆಯಲ್ಲಿ ಕೂತು ಎಂತ ಮಾಡ್ತೀರಿ?'

'ಊಟ ಎಷ್ಟು ಗಂಟೆಗೆ?' ಎಂದು ಕೇಳಿದೆ.

'ಅದನ್ನೇ ಕೇಳ್ತೀರಿ ಅಂತ ಗೊತ್ತಿತ್ತು ಮಾರಾಯ್ರೆ' ಎಂದು ಅಚ್ಚಾದ ಕಾಗದವನ್ನೇ ಕೊಟ್ಟರು. ಮೂರಕ್ಕೆ ಹೊರಡುವುದು. ಐದಕ್ಕೆ ಸೂರ್ಯಾಸ್ತ. ಏಳಕ್ಕೆ ಊಟ. ಏಳೂಮುಕ್ಕಾಲಿಗೆ ನೃತ್ಯ. ಒಂಬತ್ತೂವರೆಯೊಳಗೆ ವಾಪಸು. ನನಗೆ ಒಪ್ಪಿಗೆಯಾಯಿತು. ಏಳಕ್ಕೆ ಊಟವೆಂದರೆ ಆರೂ ನಲವತ್ತಕ್ಕೆ ಸೂಜಿ.

ಮಗಳು ಡಿಪ್ಲೊಮ್ಯಾಟಿಕ್ ಏರಿಯಾದ ಒಂದು ಬ್ಯಾಂಕಿನಲ್ಲಿದ್ದಾಳೆ. ಅವಳಿಗೆ ಆ ವಾರ ಆಡಿಟ್, ರಜೆಯಲ್ಲೂ ಕೆಲಸ. ಅಳಿಯನಿಗೆ ಸೈಟಿನ ಡ್ಯೂಟಿ. ಅಳಿಯ ಬಸ್ಸಿನವರೆಗೆ ಬಂದು ಮೆಟ್ಟಿಲ ಮೇಲೆ ನಿಂತ ನನಗೆ ಹೇಳಿದ: 'ಅತ್ತೀ, ಅವ್ವನ್ನ ನಿಮ್ಮ ಕೈಯಾಗ ಕೊಟ್ಟೀನಿ. ಆಕಿ ಸುಮ್ನ ಒಂದ ಕಡೆ ಕೂಡೂದಿಲ್ಲ, ನೋಡ್ಕೋರಿ.'

'ನನ್ನ ಕೈಯಲ್ಲಿ ನೂರಿಪ್ಪತ್ತು ಹುಡುಗಿಯರು ಇದ್ದರು' ಎಂದೆ. ಅವನು ನಕ್ಕು ಹೊರಟ.

ಒಟ್ಟು ಇಪ್ಪತ್ತನಾಲ್ಕು ಜನ. ಬಸ್ಸು ಹೊರಡುವ ಮುನ್ನ ನಾನು ಸೀಟುಗಳ ನಡುವೆ ನಡೆದು ಎಣಿಸಿದೆ. ಕಿಟಕಿಯ ಬಳಿ ಯಾರು, ನಡುದಾರಿಯಲ್ಲಿ ಯಾರು ಎಂದು ಹಾಸ್ಟೆಲಿನ ರೀತಿಯಲ್ಲೇ ಹಂಚಿದೆ. ಅಂಗಡಿಯವರು ಹಿಂದಿನಿಂದ ಕೂಗಿದರು: 'ಟೀಚರೇ, ಅಲ್ಲಿ ಮರಳನ್ನು ಸಾಲಿನಲ್ಲಿ ನಿಲ್ಲಿಸುವ ಕೆಲಸವೂ ಬಾಕಿ ಉಂಟು.' ಎಲ್ಲರೂ ನಕ್ಕರು. ನಾನೂ ನಕ್ಕೆ.

ದಕ್ಷಿಣಕ್ಕೆ ಹೋದಂತೆ ಊರು ಬೇಗ ಮುಗಿಯುತ್ತದೆ. ಆಮೇಲೆ ನೆಲದ ಮೇಲೆಯೇ ಹಾದುಹೋದ ಎಣ್ಣೆಯ ಪೈಪುಗಳು, ತಲೆಯಾಡಿಸುವ ಪಂಪುಗಳು, ಬೂದುಬಣ್ಣದ ಕಲ್ಲುನೆಲ. ನಾನು ಚಿತ್ರದಲ್ಲಿ ನೋಡಿದ ಮರಳುದಿಬ್ಬಗಳು ಇಲ್ಲಿ ಕಡಿಮೆ. ದಿಬ್ಬವೆಂದು ಸಫಾರಿಯ ಗೈಡ್ ತೋರಿಸಿದ್ದು ನಮ್ಮ ಮಲ್ಪೆಯ ಕಡಲ ದಂಡೆಗಿಂತ ತುಸು ಎತ್ತರವಿತ್ತು. ಆದರೂ ಜೀಪಿನವರು ನಮ್ಮನ್ನು ಬಸ್ಸಿನಿಂದ ಇಳಿಸಿ ಹತ್ತಿಸಿಕೊಂಡು ಅದರ ಮೇಲೆ ಏರಿಸಿ ಇಳಿಸಿ ಹೊಟ್ಟೆ ಬಾಯಿಗೆ ಬರುವ ಹಾಗೆ ಮಾಡಿದರು. ಬೀಗಿತಿ ನನ್ನ ಮೊಣಕೈ ಹಿಡಿದು ಉದ್ದಕ್ಕೂ ನಗುತ್ತಿದ್ದರು. ಬೇಡವೆಂದರೂ ಒಂಟೆ ಹತ್ತಿದರು. ಒಂಟೆ ಹಿಂಗಾಲಿನಿಂದ ಎದ್ದಾಗ ಮುಂದಕ್ಕೆ ಬಾಗಿ, ಅದರ ಕುತ್ತಿಗೆಯನ್ನೇ ತಬ್ಬಿಕೊಂಡು, 'ಏ ತಮ್ಮಾ, ಸಾವಕಾಶ ಏಳೋ' ಎಂದು ಒಂಟೆಗೇ ಹೇಳಿದರು. ಇಳಿದ ಮೇಲೆ, 'ಎತ್ತಿನ ಗಾಡಿಗಿಂತ ಛಲೋ ಐತ್ರಿ' ಎಂದರು.

ಸೂರ್ಯ ಮುಳುಗಿದ ಮೇಲೆ ಡೇರೆಗೆ ಬಂದೆವು. ಚಳಿಗಾಲದಲ್ಲಿ ಇಲ್ಲಿನ ಜನ ಕುಟುಂಬ ಸಮೇತ ಮರುಭೂಮಿಯಲ್ಲಿ ಡೇರೆ ಹಾಕಿ ವಾರಗಟ್ಟಲೆ ಇರುತ್ತಾರೆ. ನಮ್ಮ ಸಫಾರಿಯವರ ಡೇರೆಯೂ ಅಂಥವುಗಳ ನಡುವೆಯೇ ಇತ್ತು. ಕಣ್ಣು ಹಾಯಿಸಿದಷ್ಟು ದೂರಕ್ಕೂ ಬಿಳಿ ಡೇರೆಗಳು, ದೀಪದ ಮಾಲೆಗಳು, ಜನರೇಟರಿನ ಸದ್ದು. ನಮ್ಮ ಡೇರೆ ಒಂದು ದೊಡ್ಡ ಚಪ್ಪರದಷ್ಟಿತ್ತು. ನೆಲಕ್ಕೆಲ್ಲ ಕೆಂಪು ಜಮಖಾನ, ಸುತ್ತ ಒರಗುದಿಂಬು, ಒಂದು ಮೂಲೆಯಲ್ಲಿ ಬಟ್ಟೆಯ ಪರದೆ ಕಟ್ಟಿ ಅದರ ಹಿಂದೆ ಹೆಂಗಸರಿಗೆ ಮೆಹಂದಿ. ಎಲ್ಲರೂ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದೆವು. ಚಪ್ಪಲಿಗಳನ್ನು ನಾನು ಒಂದು ಸಾಲಿಗೆ ಸರಿಸಿಟ್ಟೆ.

ಆರೂ ನಲವತ್ತಕ್ಕೆ ಸರಿಯಾಗಿ ದಿಂಬಿನ ಹಿಂದೆ ಬೀಗಿತಿಯನ್ನು ಕೂರಿಸಿ ಸೂಜಿ ಹಾಕಿದೆ. ಅವರು ಒಮ್ಮೆ ಸುತ್ತ ನೋಡಿ, 'ಊಟದ ವಾಸನೀನ ಬಂದಿಲ್ಲಲ್ರೀ ಅಕ್ಕೋರೇ' ಎಂದರು. 'ಏಳಕ್ಕೆ ಬರುತ್ತದೆ, ಕಾಗದದಲ್ಲಿ ಇದೆ' ಎಂದೆ.

ಅಷ್ಟರಲ್ಲಿ ನಮಾಜಿನ ಹೊತ್ತಾಯಿತು. ಸ್ಪೀಕರಿನ ಸಂಗೀತ ನಿಲ್ಲಿಸಿದರು. ಅಂಗಡಿಯವರೂ ಇನ್ನು ಕೆಲವರೂ ಜಮಖಾನದ ಒಂದು ಬದಿಯಲ್ಲಿ ಸಾಲಾಗಿ ನಿಂತರು. ಆ ಮೌನದಲ್ಲಿ ಗೈಡ್ ನನ್ನ ಬಳಿ ಬಗ್ಗಿ ಹಿಂದಿಯಲ್ಲಿ ಮೆಲ್ಲಗೆ ಹೇಳಿದ: ಇನ್ನೊಂದು ಗುಂಪಿನ ಜೀಪುಗಳು ತಡವಾಗಿವೆ, ಆದ್ದರಿಂದ ಮೊದಲು ನೃತ್ಯ, ಊಟ ಎಂಟು ಗಂಟೆಯ ಮೇಲೆ.

ಇದನ್ನು ಓದುವವರಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಅವರಿಗೆ ವಿವರಿಸಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಸೂಜಿ ಹಾಕಿ ಅರ್ಧ ಗಂಟೆಯೊಳಗೆ ಅನ್ನ ಬೀಳದಿದ್ದರೆ ಸಕ್ಕರೆ ಇಳಿಯುತ್ತ ಹೋಗುತ್ತದೆ. ಮೊದಲು ಕೈ ನಡುಗುತ್ತದೆ, ಮೈ ಬೆವರುತ್ತದೆ, ಮಾತು ತೊದಲುತ್ತದೆ. ಆಮೇಲೆ ಮನುಷ್ಯ ಬೀಳುತ್ತಾನೆ. ಹಾಗೆ ಬಿದ್ದ ಹುಡುಗಿಯೊಬ್ಬಳನ್ನು ನಾನು ಹಾಸ್ಟೆಲಿನ ಮೆಟ್ಟಿಲ ಬಳಿ ಎತ್ತಿದ್ದೇನೆ.

'ಇಲ್ಲೇ ಕೂತಿರಿ' ಎಂದು ಬೀಗಿತಿಗೆ ಹೇಳಿ ನಾನು ಮುಂದಿನ ಬಾಗಿಲಿನಿಂದ ಅಡುಗೆಯ ಡೇರೆಗೆ ಹೋದೆ. ಚೀಲ ಹೆಗಲಲ್ಲೇ ಇತ್ತು. ಅಡುಗೆಯವನು ಎಲ್ಲರಿಗೂ ಒಟ್ಟಿಗೇ ಬಡಿಸಬೇಕು ಎಂದ. ಬಡಿಸಿಕೊಳ್ಳದೆ ನಾನು ಹೋಗುವುದಿಲ್ಲ ಎಂದೆ. ಎಂಟು ನಿಮಿಷ ಹಿಡಿಯಿತು. ಕೊನೆಗೆ ಬಿಸಿ ರೊಟ್ಟಿ, ತರಕಾರಿ, ಒಂದಿಷ್ಟು ಅನ್ನ ತಟ್ಟೆಗೆ ಹಾಕಿಸಿಕೊಂಡೇ ಬಂದೆ.

ಬೀಗಿತಿ ಕೂತ ಜಾಗದಲ್ಲಿ ಇರಲಿಲ್ಲ.

ಗಾಬರಿಯಾಗಲಿಲ್ಲ. ಹಾಸ್ಟೆಲಿನಲ್ಲಿ ನನಗೊಂದು ಕ್ರಮವಿತ್ತು. ಓದುವ ಕೋಣೆಯಲ್ಲಿ ಎಷ್ಟು ಹುಡುಗಿಯರಿದ್ದಾರೆ ಎಂದು ತಿಳಿಯಲು ನಾನು ಬಾಗಿಲು ತೆರೆದು ಅವರ ಓದು ಕೆಡಿಸುತ್ತಿರಲಿಲ್ಲ. ಹೊರಗೆ ಬಿಟ್ಟ ಚಪ್ಪಲಿ ಎಣಿಸುತ್ತಿದ್ದೆ. ಇಪ್ಪತ್ತೊಂಬತ್ತು ವರ್ಷದಲ್ಲಿ ಆ ಲೆಕ್ಕ ಒಮ್ಮೆಯೂ ತಪ್ಪಿರಲಿಲ್ಲ. ಈಗಲೂ ಬಾಗಿಲಿಗೆ ಹೋಗಿ ಎಣಿಸಿದೆ. ನನ್ನದು ಕಾಲಲ್ಲಿತ್ತು. ಹೊರಗೆ ಇಪ್ಪತ್ತಮೂರು ಜೊತೆ. ಸಾಲಿನಲ್ಲಿ ಎಡದಿಂದ ನಾಲ್ಕನೆಯದು ಬೀಗಿತಿಯ ಕಂದು ಚರ್ಮದ ಚಪ್ಪಲಿ. ಹಾಗಾದರೆ ಒಳಗೇ ಇದ್ದಾರೆ. ಪರದೆಯ ಹಿಂದೆ ಹೆಂಗಸರ ನಗು ಕೇಳುತ್ತಿತ್ತು. ಮೆಹಂದಿ ಹಾಕಿಸಿಕೊಳ್ಳುತ್ತೇನೆಂದು ಜೀಪಿನಲ್ಲೇ ಅವರು ಹೇಳಿದ್ದರು. ಪರದೆಯ ಈಚೆಯಿಂದಲೇ ಕೂಗಿದೆ: 'ಬೀಗಿತಿಯವರೇ, ತಟ್ಟೆ ತಂದಿದ್ದೇನೆ. ಬೇಗ ಮುಗಿಸಿ.' ಒಳಗಿನಿಂದ ಯಾರೋ 'ಆಯ್ತು, ಆಯ್ತು' ಎಂದರು. ನಾನು ತಟ್ಟೆಗೆ ಇನ್ನೊಂದು ತಟ್ಟೆ ಮುಚ್ಚಿ ಕೂತೆ.

ಏಳೂ ಇಪ್ಪತ್ತಾಯಿತು. ಸಂಗೀತ ಮತ್ತೆ ಶುರುವಾಗಿತ್ತು. ಇನ್ನು ಕಾಯುವುದು ಸರಿಯಲ್ಲವೆಂದು ಪರದೆ ಸರಿಸಿದೆ. ನಮ್ಮ ಗುಂಪಿನ ಮೂವರು ಹೆಂಗಸರು ಕೈ ಚಾಚಿ ಕೂತಿದ್ದರು. ಬೀಗಿತಿ ಇರಲಿಲ್ಲ.

'ಅಜ್ಜಿ ಆಗಲೇ ಹೋದರಲ್ಲ ಆಂಟಿ' ಎಂದಳು ಒಬ್ಬಳು. 'ಟಾಯ್ಲೆಟ್ ಎಲ್ಲಿ ಅಂತ ಕೇಳಿದರು. ಅಲ್ಲಿ ಹಿಂದೆ ಬಾಗಿಲುಂಟು.'

ಹಿಂದೆ ಬಾಗಿಲಿತ್ತು. ನಾನು ನೋಡಿರಲಿಲ್ಲ. ಡೇರೆಯ ಬಟ್ಟೆಯ ಒಂದು ಮಡಿಕೆಯನ್ನು ಎತ್ತಿದರೆ ಹೊರಗೆ ದಾರಿ. ಅದರ ಪಕ್ಕದಲ್ಲಿ ಬಚ್ಚಲಿಗೆ ಹೋಗುವವರಿಗೆಂದು ಇಟ್ಟ ನೀಲಿ ರಬ್ಬರ್ ಚಪ್ಪಲಿಗಳ ಒಂದು ರಾಶಿ. ಬೀಗಿತಿ ಅವುಗಳಲ್ಲಿ ಒಂದು ಜೊತೆ ಮೆಟ್ಟಿ ಹೋಗಿದ್ದರು. ಅವರ ಸ್ವಂತ ಚಪ್ಪಲಿ ಮುಂಬಾಗಿಲಲ್ಲಿ ಕುಳಿತು ನನಗೆ ಲೆಕ್ಕ ಒಪ್ಪಿಸುತ್ತಿತ್ತು.

ಬಚ್ಚಲಿನ ಕ್ಯಾಬಿನ್ ಖಾಲಿಯಿತ್ತು. ಸೂಜಿ ಹಾಕಿ ನಲವತ್ತೈದು ನಿಮಿಷ ಕಳೆದಿತ್ತು. ಅವರ ಫೋನು ನನ್ನ ಚೀಲದಲ್ಲಿತ್ತು. ಬಿಸ್ಕತ್ತೂ ನನ್ನ ಚೀಲದಲ್ಲಿತ್ತು. ಎಲ್ಲವೂ ಒಂದೇ ಕಡೆ, ಬಹಳ ಅಚ್ಚುಕಟ್ಟಾಗಿ.

ಅಂಗಡಿಯವರಿಗೆ ಹೇಳಿದೆ. ಅವರು ನಾಲ್ಕು ಜನರನ್ನು ಎಬ್ಬಿಸಿದರು. ಗೈಡ್ ಜೀಪಿನ ಕೀಲಿ ತೆಗೆದ. ದೊಡ್ಡ ದೀಪ ಹಾಕಿ ಸುತ್ತು ಹೊಡೆಯೋಣ ಎಂದ.

'ಗಾಡಿ ಬೇಡ' ಎಂದೆ. 'ಐದು ಗಾಡಿ ಓಡಿದರೆ ಅವರು ಕೂಗಿದ್ದು ನಮಗೆ ಕೇಳುವುದಿಲ್ಲ. ಎಲ್ಲಿಯಾದರೂ ಬಿದ್ದಿದ್ದರೆ ಕತ್ತಲಲ್ಲಿ ಚಕ್ರಕ್ಕೆ ಸಿಗುತ್ತಾರೆ. ನಿಮ್ಮ ಸಂಗೀತ ನಿಲ್ಲಿಸಿ. ಇಬ್ಬರಿಬ್ಬರಾಗಿ ಟಾರ್ಚು ಹಿಡಿದು ನಡೆಯಿರಿ. ಬಲಕ್ಕೆ ನೀವು, ರಸ್ತೆಯ ಕಡೆಗೆ ನೀವು. ಎಡಕ್ಕೆ ನಾನು ಮತ್ತು ಈ ಅಂಗಡಿಯವರು.' ಗೈಡ್ ಕೀಲಿಯನ್ನು ಜೇಬಿಗೆ ಹಾಕಿದ. ತಪ್ಪು ಮಾಡಿದವಳೇ ಅಪ್ಪಣೆ ಕೊಡುವುದು ಸರಿಯೇ ಎಂದು ಯೋಚಿಸುವ ಹೊತ್ತು ಅದಾಗಿರಲಿಲ್ಲ.

ಹೊರಡುವ ಮುನ್ನ ನಾನು ಕ್ಯಾಬಿನ್ನಿನ ಒಳಗೆ ಹೋಗಿ, ಬಾಗಿಲು ಮುಚ್ಚಿ, ಮತ್ತೆ ತೆರೆದು, ಬೀಗಿತಿ ಬಂದ ಹಾಗೆಯೇ ಹೊರಗೆ ಬಂದು ನಿಂತೆ. ನಮ್ಮ ಡೇರೆಯ ಬೆನ್ನು ಕಪ್ಪಗಿತ್ತು. ದೀಪದ ಮಾಲೆಯನ್ನೆಲ್ಲ ಅತಿಥಿಗಳಿಗಾಗಿ ಮುಂದಕ್ಕೆ ಕಟ್ಟಿದ್ದರು. ಅವರು ಹೊರಬಂದಾಗ ನಮಾಜಿನ ಹೊತ್ತು, ನಮ್ಮಲ್ಲಿ ಸದ್ದೂ ಇರಲಿಲ್ಲ. ಎಡಗಡೆ, ನೂರು ಹೆಜ್ಜೆಯಾಚೆ, ಮೂರು ಬಿಳಿ ಡೇರೆಗಳು ಬಾಗಿಲು ತೆರೆದು ಬೆಳಗುತ್ತಿದ್ದವು. ಅಲ್ಲಿಂದ ಜನರ ಮಾತು ಗಾಳಿಯಲ್ಲಿ ಬರುತ್ತಿತ್ತು. ನಾನಾಗಿದ್ದರೂ ಅಲ್ಲಿಗೇ ಹೋಗುತ್ತಿದ್ದೆ.

ಮೊದಲ ಡೇರೆಯಲ್ಲಿ ಗಂಡಸರು ಟಿವಿಯಲ್ಲಿ ಫುಟ್‌ಬಾಲ್ ನೋಡುತ್ತಿದ್ದರು. ಅಂಗಡಿಯವರು ಸಲಾಂ ಹೇಳಿ ಅರಬ್ಬಿಯಲ್ಲಿ ಕೇಳಿದರು. ಅಂಥವರು ಬಂದಿಲ್ಲವೆಂದು ಎದ್ದು ನಿಂತು ಹೇಳಿ, ಇಬ್ಬರು ಟಾರ್ಚು ಹಿಡಿದು ನಮ್ಮ ಜೊತೆಗೇ ಹೊರಟರು. ಎರಡನೆಯ ಡೇರೆಯ ಬಾಗಿಲಲ್ಲಿ ಹೆಂಗಸರ ಎತ್ತರ ಹಿಮ್ಮಡಿಯ ಚಪ್ಪಲಿಗಳ ನಡುವೆ ಒಂದು ಜೊತೆ ನೀಲಿ ರಬ್ಬರ್ ಚಪ್ಪಲಿ ಇತ್ತು. ಅಂಗಡಿಯವರು ಹೊರಗೇ ನಿಂತರು. ನಾನು ಒಳಗೆ ಹೋದೆ.

ಬೀಗಿತಿ ಎಲ್ಲರ ನಡುವೆ ದಪ್ಪ ದಿಂಬಿಗೆ ಒರಗಿ ಕೂತಿದ್ದರು. ಮುಂದೆ ರೊಟ್ಟಿ, ಬೇಯಿಸಿದ ಕಡಲೆ, ಖರ್ಜೂರದ ತಟ್ಟೆ. ಹಣೆಯ ಮೇಲೆ ಬೆವರು ಇನ್ನೂ ಆರಿರಲಿಲ್ಲ. ಅವರ ಪಕ್ಕದಲ್ಲಿ ನಮ್ಮದೇ ವಯಸ್ಸಿನ ಒಬ್ಬ ಹೆಂಗಸು, ಆ ಮನೆಯ ಅಜ್ಜಿ, ಅವರ ಮಣಿಕಟ್ಟು ಹಿಡಿದು ಕೂತಿದ್ದರು.

'ಬರ್ರಿ ಅಕ್ಕೋರೇ, ಕೂಡ್ರಿ' ಎಂದರು ಬೀಗಿತಿ, ತಮ್ಮ ಮನೆಗೆ ಬಂದವಳನ್ನು ಕರೆದಂತೆ. 'ನಮ್ಮ ಡೇರೇನ ಅಂತ ಬಂದು ಕೂತೆ. ಒಂದು ಮಾರಿನೂ ಗುರ್ತು ಹತ್ತಲಿಲ್ಲ. ಏಳೂಣು ಅಂದ್ರ ಕೈಯೆಲ್ಲಾ ಗಡಗಡ ನಡುಗಾಕ ಹತ್ತಿದ್ವು. ಈ ತಾಯಿ ನೋಡಿಬಿಟ್ರು.'

ಆ ಅಜ್ಜಿಗೆ ತುಸು ಹಿಂದಿ ಬರುತ್ತಿತ್ತು. ತಮ್ಮ ಕೈಚೀಲ ತೆರೆದು ನನಗೆ ತೋರಿಸಿದರು. ಒಳಗೆ ಇನ್ಸುಲಿನ್ ಪೆನ್ನು. 'ಮೇರಾ ಭೀ' ಎಂದರು, ನನ್ನದೂ ಅದೇ ಎನ್ನುವಂತೆ. ಕೈ ನಡುಗಿದ್ದು ಕಂಡ ಕೂಡಲೇ ಬಾಯಿಗೆ ಖರ್ಜೂರ ಇಟ್ಟಿದ್ದರು, ಒಂದು, ಎರಡು, ಮೂರು. ಆಮೇಲೆ ರೊಟ್ಟಿ. ಯಾರು, ಎಲ್ಲಿಂದ ಎಂದು ಕೇಳುವುದನ್ನು ಇನ್ನೂ ಶುರುಮಾಡಿರಲಿಲ್ಲ.

ಚೀಲದಿಂದ ಯಂತ್ರ ತೆಗೆದು ಬೀಗಿತಿಯ ಬೆರಳು ಚುಚ್ಚಿ ನೋಡಿದೆ. ಸಕ್ಕರೆ ಮೇಲೆ ಬರುತ್ತಿತ್ತು. ಆಮೇಲೆ ಕೂತೆ. ಕೂರದೆ ಉಪಾಯವೂ ಇರಲಿಲ್ಲ. ಅಜ್ಜಿ ನನ್ನ ಕೈಗೂ ಸಣ್ಣ ಬಟ್ಟಲಿನಲ್ಲಿ ಗಹ್ವಾ ಕೊಟ್ಟರು, ಏಲಕ್ಕಿಯ ಪರಿಮಳದ ಕಹಿ ಕಾಫಿ. ಒಂದೇ ಗುಟುಕಿಗೆ ಕುಡಿದೆ. ಅವರು ಅದನ್ನೂ ನೋಡಿ ನನ್ನ ಕಡೆಗೂ ಖರ್ಜೂರ ಸರಿಸಿದರು.

'ಟೀಚರೇ, ಸಿಕ್ಕಿದ್ರಾ?' ಎಂದು ಹೊರಗಿನಿಂದ ದನಿ.

'ಸಿಕ್ಕಿದರು. ಊಟ ಮಾಡುತ್ತಿದ್ದಾರೆ.'

'ನಮಗಿಂತ ಮೊದಲೇ? ಒಳ್ಳೇದಾಯ್ತು' ಎಂದರು. ಸ್ವಲ್ಪ ತಡೆದು, 'ಅಲ್‌ಹಮ್ದುಲಿಲ್ಲಾ' ಎಂದದ್ದೂ ಕೇಳಿಸಿತು.

ನಮ್ಮ ಡೇರೆಗೆ ವಾಪಸು ಬಂದಾಗ ನೃತ್ಯ ಶುರುವಾಯಿತು. ಒಬ್ಬಾತ ಮೈಗೆ ದೀಪ ಕಟ್ಟಿದ ದೊಡ್ಡ ಲಂಗ ತೊಟ್ಟು ಬುಗುರಿಯಂತೆ ಹತ್ತು ನಿಮಿಷ ತಿರುಗಿದ. ಬೀಗಿತಿ ಚಪ್ಪಾಳೆ ಹೊಡೆದರು. ಎಂಟೂಕಾಲಿಗೆ ಊಟ ಬಂತು. ಅವರು ಇನ್ನೊಂದು ತುತ್ತು ಅನ್ನ ಹೆಚ್ಚಾಗಿಯೇ ತಿಂದರು. ನಾನು ತಡೆಯಲಿಲ್ಲ.

ಬಸ್ಸಿನಲ್ಲಿ ಅವರ ಪಕ್ಕದಲ್ಲಿ ಕೂತು ನೇರವಾಗಿ ಹೇಳಿದೆ: 'ತಪ್ಪು ನನ್ನದು. ಊಟ ಕಣ್ಣಿಗೆ ಕಾಣುವ ಮೊದಲು ಸೂಜಿ ಹಾಕಿದೆ.'

'ಹೌದ್ರಿ, ನಿಮ್ದ' ಎಂದರು. ಸಮಾಧಾನಕ್ಕೆಂದೂ ಅಲ್ಲಗಳೆಯಲಿಲ್ಲ. 'ಊರಾಗ ಆರು ವರ್ಷ ನಾನ ಹಾಕ್ಕೊಂಡೀನಿ. ತಾಟು ಮುಂದ ಬಂದ ಮ್ಯಾಲೆ ಸೂಜಿ. ಲಗ್ನ, ಜಾತ್ರಿ, ಮಠದ ಪಂಗತಿ, ಯಾವ್ದು ಹೊತ್ತಿಗೆ ಸರಿಯಾಗಿ ಊಟಾ ಹಾಕ್ತದ್ರಿ? ಡಾಕ್ಟರಿಗೂ ಹೇಳೀನಿ, ಹಂಗ ಮಾಡು ಅಂದಾರ.'

'ನನಗೆ ಯಾಕೆ ಹೇಳಲಿಲ್ಲ?'

'ನೀವು ಕೇಳಲಿಲ್ಲ. ಬಂದ ದಿನಾನ ಚೀಲಾ ಕಸ್ಗೊಂಡ್ರಿ. ಬೀಗರ ಸಂಬಂಧ, ನಿಮ್ಮ ಮಗಳ ಸಂಸಾರ. ಒಂದು ಸೂಜಿ ಸಲುವಾಗಿ ಯಾಕ ಮಾತು ಬೆಳಸೂದು ಅಂತ ಸುಮ್ನಾದೆ.' ಆಮೇಲೆ ಕೈ ಚಾಚಿದರು. 'ಈಗ ಕೊಡ್ರಿ.'

ಚೀಲವನ್ನು ಹೆಗಲಿನಿಂದ ತೆಗೆದು ಕೊಟ್ಟೆ. ಅವರು ಅದನ್ನು ತೊಡೆಯ ಮೇಲೆ ಇಟ್ಟುಕೊಂಡು, ಬಿಸ್ಕತ್ತಿನ ಪೊಟ್ಟಣ ಬಿಚ್ಚಿ, ನನಗೊಂದು ಕೊಟ್ಟರು.

ಅಳಿಯ ಮನೆಯ ಬಾಗಿಲಲ್ಲೇ ಕಾಯುತ್ತಿದ್ದ. ಚಪ್ಪಲಿ ಬಿಚ್ಚುವ ಮುಂಚೆಯೇ ನಡೆದದ್ದನ್ನು ಮೊದಲಿನಿಂದ ಕೊನೆಯವರೆಗೆ, ಗಂಟೆ ನಿಮಿಷದೊಂದಿಗೆ ವರದಿ ಕೊಟ್ಟೆ. ಏನನ್ನೂ ಬಿಡಲಿಲ್ಲ. ಅವನ ಮುಖ ಬಿಳಿಚಿತು. ಫೋನಿನಲ್ಲಿ ಅಲಾರಂ ಇಡುತ್ತೇನೆ, ನಾಳೆಯಿಂದ ಸೂಜಿ ನಾನೇ ಹಾಕುತ್ತೇನೆ, ಹೊರಗೆ ಎಲ್ಲೂ ಕಳಿಸುವುದಿಲ್ಲ ಎಂದು ಒಂದೇ ಉಸಿರಿಗೆ ಹೇಳತೊಡಗಿದ. ಅವನ ತಾಯಿ ಅವನನ್ನು ಮಾತಿನ ಮಧ್ಯದಲ್ಲೇ ತಡೆದರು. 'ಯಾರೂ ಹಾಕೂದು ಬ್ಯಾಡ. ನನ್ನ ಮೈ, ನನ್ನ ಸೂಜಿ. ಮುಂದಿನ ವಾರ ಅಕ್ಕೋರ ಜೋಡಿ ಮತ್ತ ಹೋಗಾಕಿ ನಾ, ಆ ತಾಯಿಗೆ ಮಾತು ಕೊಟ್ಟು ಬಂದೀನಿ.'

ನನ್ನ ಜೊತೆ ಎಂದದ್ದನ್ನು ನಾನು ಗಮನಿಸಿದೆ. ಅಳಿಯನೂ ಗಮನಿಸಿದ.

ಮರುದಿನ ಸಂಜೆ ಮಗಳು ಚಪಾತಿ ಮಾಡಿ ಮೇಜಿಗೆ ತಂದಿಟ್ಟಳು. ಬೀಗಿತಿ ತಟ್ಟೆ ಎಳೆದುಕೊಂಡು, ಪಲ್ಯ ಬಡಿಸಿಕೊಂಡು, ಕನ್ನಡಕ ಹಾಕಿಕೊಂಡು ಪೆನ್ನಿನ ಅಂಕಿ ತಿರುಗಿಸಿದರು. ನಾನು ಎದುರು ಕುರ್ಚಿಯಲ್ಲಿ ಪತ್ರಿಕೆ ಹಿಡಿದು ಕೂತಿದ್ದೆ.

'ನೋಡಾಕ ಹತ್ತೀರೇನ್ರೀ ಅಕ್ಕೋರೇ?' ಎಂದರು ತಲೆ ಎತ್ತದೆ.

'ಇಲ್ಲ' ಎಂದೆ. ಅಂಕಿ ಸರಿಯಾಗಿತ್ತು.